ಹಗಲು ಮಲಗುವವರ ಬೆಟ್ಟ

ಮಾರ್ಚ್ 3, ಸೋಮವಾರ

ಬಸ್ ಡಿಪೋದಿಂದ ನನ್ನನ್ನು ಎತ್ತಿ ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ಒಗೆದಿದ್ದಾರೆ. ಎರವಲು ಸೇವೆಯಂತೆ. ಪಕ್ಕದ ಮನೆಯವರಿಗೆ ಒಂದು ಲೋಟ ಸಕ್ಕರೆ ಕೊಟ್ಟ ಹಾಗೆ ನನ್ನನ್ನು ಖಗೋಳಶಾಸ್ತ್ರಕ್ಕೆ ಕೊಟ್ಟಿದ್ದಾರೆ. ಬಸ್ಸಿಗೂ ನಕ್ಷತ್ರಕ್ಕೂ ಏನು ಸಂಬಂಧ ಎಂದು ಮೇಲಧಿಕಾರಿಯನ್ನು ಕೇಳಿದೆ. ಸಂಬಂಧ ಇಲ್ಲ, ಆದರೆ ನಕ್ಷತ್ರಗಳು ಹೊತ್ತಿಗೆ ಸರಿಯಾಗಿ ಬರುತ್ತವೆ, ನಿಮಗೆ ಅಷ್ಟು ಕಷ್ಟವಾಗುವುದಿಲ್ಲ ಎಂದರು. ಮನುಷ್ಯನಿಗೆ ನಗು ಬೇರೆ.

ಹುದ್ದೆಯ ಹೆಸರು ದೊಡ್ಡದು, ದೈನಂದಿನ ಕಾರ್ಯನಿರ್ವಹಣಾಧಿಕಾರಿ. ಕೆಲಸ ಏನೆಂದರೆ ಗುಮ್ಮಟಕ್ಕೆ ಗ್ರೀಸು, ಜನರೇಟರಿಗೆ ಡೀಸೆಲ್, ತೊಟ್ಟಿಗೆ ನೀರು, ವಿಜ್ಞಾನಿಗಳಿಗೆ ಊಟ. ಆಕಾಶ ಅವರು ನೋಡಿಕೊಳ್ಳುತ್ತಾರೆ, ನೆಲ ನಾನು ನೋಡಿಕೊಳ್ಳಬೇಕು.

ಬಿಸಿಲು ಏರಿದ ಮೇಲೆ ಬೆಟ್ಟ ಹತ್ತಿದೆ. ಬಾಗಿಲಲ್ಲಿ ನಿಂತು, ಡಿಪೋದಲ್ಲಿ ಕೂಗುವ ಹಾಗೆಯೇ, ಯಾರ್ರೀ ಒಳಗೆ ಎಂದೆ. ನಾಲ್ಕೂ ಕಡೆಯಿಂದ ಜನ ಕಾಲುಚೀಲದಲ್ಲೇ ಓಡಿಬಂದು ಬಾಯಿಗೆ ಬೆರಳಿಟ್ಟು ನಿಂತರು. ಸಾವಿನ ಮನೆಯೇನೋ ಎಂದು ನಾನೂ ಚಪ್ಪಲಿ ಬಿಟ್ಟೆ. ಯಾರೂ ಸತ್ತಿರಲಿಲ್ಲ, ಮಲಗಿದ್ದರು. ರಾತ್ರಿಯೆಲ್ಲ ಆಕಾಶ ನೋಡಿದ ವಿಜ್ಞಾನಿಗಳು ಹಗಲು ಮಲಗುತ್ತಾರೆ. ಅವರ ನಿದ್ದೆ ಗಾಜಿನಂಥದ್ದು. ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವರು ಒಂದು ಸ್ಪ್ಯಾನರ್ ಕೈಜಾರಿ ಬೀಳಿಸಿದರಂತೆ, ಆಮೇಲೆ ಅವರನ್ನು ಇಲ್ಲಿ ಯಾರೂ ನೋಡಿಲ್ಲವಂತೆ. ಇಷ್ಟನ್ನೂ ಅಡುಗೆಯವನು ನನ್ನ ಕಿವಿಯಲ್ಲಿ ಉಸುರಿದ. ಅವನ ಬಾಯಿಂದ ಬೆಳ್ಳುಳ್ಳಿ ವಾಸನೆ ಬರುತ್ತಿತ್ತು.

ಸಂಜೆ ಅಪ್ಪನಿಗೆ ಹೇಳಿದೆ. ಅಪ್ಪ ಬಾಯ್ಲರ್ ಕಾರ್ಖಾನೆಯಲ್ಲಿ ಸುತ್ತಿಗೆ ಬಡಿದು ಬಡಿದು ಕಿವಿ ಕಳೆದುಕೊಂಡವನು. ಅವನಿಗೆ ಈಗ ಕೇಳಿಸುವುದು ಎರಡೇ, ಗುಡುಗು ಮತ್ತು ನಾನು. ಚಿಕ್ಕಂದಿನಿಂದ ಅವನ ಜೊತೆ ಮಾತಾಡಿಯೇ ನನ್ನ ಗಂಟಲು ಹೀಗಾಗಿದ್ದು. ಊರೆಲ್ಲ ನನ್ನನ್ನು ಗಯ್ಯಾಳಿ ಎಂದಿತು, ಡಿಪೋದಲ್ಲಿ ಹಾರನ್ ಮೇಡಂ ಎಂದರು, ಅಪ್ಪ ಮಾತ್ರ ಏನೂ ಅನ್ನಲಿಲ್ಲ. ನಕ್ಷತ್ರದ ಆಫೀಸಿಗೆ ಹಾಕಿದ್ದಾರೆ ಎಂದರೆ, ಹಾಗಾದರೆ ಸೂರ್ಯ ಚಂದ್ರರನ್ನೂ ನೀನೇ ಬಿಡಬೇಕಾ, ಬಸ್ ಬಿಟ್ಟ ಹಾಗೆ, ಎಂದು ಅವನೂ ಕೂಗಿಯೇ ಕೇಳಿದ. ಯಜಮಾನರು ಗ್ರಂಥಾಲಯದಲ್ಲಿ ಕೆಲಸ ಮಾಡುವವರು. ದಿನವೆಲ್ಲ ನಿಶ್ಶಬ್ದದಲ್ಲಿ ಕೂತು ಮನೆಗೆ ಬಂದರೆ ನಾವಿಬ್ಬರು. ಪಾಪ, ಕಿವಿಗೆ ಹತ್ತಿ ಇಟ್ಟುಕೊಂಡು ಪೇಪರ್ ಓದುತ್ತಾರೆ. ಹಗಲು ಮಲಗುವವರ ವಿಷಯ ಹೇಳಬೇಕು ಅನ್ನುವಷ್ಟರಲ್ಲಿ ಅಪ್ಪನಿಗೆ ಜೋಂಪು ಹತ್ತಿತು. ನಾಳೆ ಹೇಳಿದರಾಯಿತು.

ಮಾರ್ಚ್ 6, ಗುರುವಾರ

ಪಿಸುಗುಟ್ಟುವುದು ನನಗೆ ಬರುವುದಿಲ್ಲ. ನಿನ್ನೆ ನಾನು ಪಿಸುಗುಟ್ಟಿದ್ದು ಪಂಪ್‌ಹೌಸಿನಲ್ಲಿದ್ದವನಿಗೆ ಕೇಳಿಸಿ, ಅವನು ಅಲ್ಲಿಂದಲೇ ಬಂದೆ ಮೇಡಂ ಎಂದು ಕೈಬೀಸಿದನಂತೆ. ಗುಮ್ಮಟದ ಮೆಕ್ಯಾನಿಕ್ ಇವತ್ತು ಪಾಠ ಮಾಡಿದ. ಉಸಿರು ಪೂರ್ತಿ ಹೊರಗೆ ಬಿಟ್ಟು, ಎದೆ ಖಾಲಿಯಾದ ಮೇಲೆ ಮಾತಾಡಬೇಕು. ಹಾಗೆ ಮಾಡಿದರೆ ತಲೆ ಸುತ್ತುತ್ತದೆ, ಆದರೆ ಧ್ವನಿ ಬರುವುದಿಲ್ಲ.

ಸಂಜೆ ನಿರ್ದೇಶಕರು ಎದ್ದು ಬಂದರು. ದೊಡ್ಡ ವಿದ್ವಾಂಸರು. ಕೆನ್ನೆಯ ಮೇಲೆ ದಿಂಬಿನ ಗೆರೆ ಅಚ್ಚೊತ್ತಿತ್ತು. ನಮ್ಮದು ಬಹಳ ಸೂಕ್ಷ್ಮ ನಿದ್ದೆ, ಎಲೆ ಬಿದ್ದರೂ ಎಚ್ಚರವಾಗುತ್ತದೆ, ಎಂದರು. ನಾನು ಉಸಿರೆಲ್ಲ ಬಿಟ್ಟು, ಆಗಲಿ ಸಾರ್ ಎಂದೆ.

ಮಾರ್ಚ್ 18, ಮಂಗಳವಾರ

ಮಾಡಿದರೆ ಸರಿಯಾಗಿ ಮಾಡಬೇಕು, ಇಲ್ಲವಾದರೆ ಕೈ ಹಾಕಬಾರದು. ಇವರು ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ದರು ಅಷ್ಟೇ, ವ್ಯವಸ್ಥೆ ಅಂತ ಒಂದಿರಲಿಲ್ಲ. ಅದನ್ನು ತಂದದ್ದು ನಾನು. ಬಾಗಿಲಿಗೆಲ್ಲ ಕಂಬಳಿಯ ಪಟ್ಟಿ ಹೊಡೆಸಿದೆ (ಮೊಳೆ ಹೊಡೆಯುವಂತಿಲ್ಲ, ಅಂಟಿಸಿದ್ದು). ಉಗ್ರಾಣದಲ್ಲಿ ಹಳೆಯ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ಸೀನುವ ಕೋಣೆ ಮಾಡಿದ್ದೇನೆ. ಸೀನು ಬಂದವರು ಮೂಗು ಹಿಡಿದುಕೊಂಡು ಅಲ್ಲಿಗೆ ಓಡಬೇಕು. ಕೆಮ್ಮು, ಬಿಕ್ಕಳಿಕೆ, ನಗು ಎಲ್ಲಕ್ಕೂ ಅದೇ ಕೋಣೆ. ಬೆಳಗ್ಗೆ ಇಬ್ಬರು ಸಾಲಿನಲ್ಲಿ ನಿಂತಿದ್ದರು.

ನೀರಿನ ಟ್ಯಾಂಕರು ಗೇಟಿನ ಹತ್ತಿರ ಎಂಜಿನ್ ಆರಿಸುತ್ತದೆ. ಅಲ್ಲಿಂದ ತೊಟ್ಟಿಯವರೆಗೆ ನೆಲ ಸಮತಟ್ಟು. ಎಲ್ಲರೂ ಸೇರಿ ತಳ್ಳುತ್ತೇವೆ.

ಕುಕ್ಕರಿನ ಸೀಟಿ ಅಡಗಿಸಲು ಅಡುಗೆಯವನೂ ನಾನೂ ಅದಕ್ಕೆ ಕಂಬಳಿ ಹೊದಿಸಿದೆವು. ಸೀಟಿ ಅಡಗಿತು, ಕಂಬಳಿ ಹೊತ್ತಿಕೊಂಡಿತು. ಬೆಂಕಿ, ಬೆಂಕಿ ಎಂದು ಎಲ್ಲರೂ ಪಿಸುಗುಟ್ಟಿದೆವು. ಆರಿಸಿದ್ದೂ ಆಯಿತು. ಇನ್ನು ಮೇಲೆ ಅನ್ನ ತೆರೆದ ಪಾತ್ರೆಯಲ್ಲೇ ಬೇಯಲಿ.

ಏಪ್ರಿಲ್ 9, ಬುಧವಾರ

ಇವತ್ತು ಮೆಕ್ಯಾನಿಕ್‌ಗೂ ಜನರೇಟರಿನವನಿಗೂ ಜಗಳ. ಗ್ರೀಸಿನ ಡಬ್ಬ ಯಾರು ಖಾಲಿ ಮಾಡಿದರು ಅನ್ನುವುದೇ ವಿಷಯ. ಹಲ್ಲು ಉದುರಿಸ್ತೀನಿ ಎಂದು ಒಬ್ಬ, ಚರ್ಮ ಸುಲಿತೀನಿ ಎಂದು ಇನ್ನೊಬ್ಬ, ಇಬ್ಬರೂ ಮಗು ಮಲಗಿಸುವ ದನಿಯಲ್ಲಿ. ಒಬ್ಬನ ಬೈಗುಳ ಇನ್ನೊಬ್ಬನಿಗೆ ಕೇಳಿಸದೆ, ಏನಂದೆ, ಇನ್ನೊಂದ್ಸಲ ಹೇಳು ಎಂದು ಕಿವಿ ಹತ್ತಿರ ತಂದ. ಎರಡನೇ ಸಲ ಹೇಳುವಷ್ಟರಲ್ಲಿ ಮೊದಲನೆಯವನಿಗೇ ಬೇಸರ ಬಂದು ಹೋಗಿಬಿಟ್ಟ. ಪಿಸುಮಾತಿನ ಜಗಳಕ್ಕೆ ದಮ್ಮಿಲ್ಲ.

ಯಜಮಾನರು ಕಿವಿಯ ಹತ್ತಿ ತೆಗೆದಿಟ್ಟಿದ್ದಾರೆ. ಈಗೀಗ ಎಷ್ಟು ಗಂಭೀರವಾಗಿದ್ದೀಯ ಎಂದು ಹೊಗಳಿದರು. ಇಷ್ಟು ವರ್ಷ ಇಲ್ಲದ ಹೊಗಳಿಕೆ! ಏನೋ ಬೇಕಿರಬೇಕು ಎಂದು ಕಾದೆ, ಏನೂ ಕೇಳಲಿಲ್ಲ. ಪಕ್ಕದ ಮನೆಯವರೂ ಕಿಟಕಿ ತೆರೆದಿದ್ದಾರೆ. ಸೆಕೆ ಜಾಸ್ತಿಯಾಗಿದೆ.

ಅಪ್ಪನದೇ ಒಂದು ರಗಳೆ. ಊಟಕ್ಕೆ ಬಾ ಎಂದು ಕರೆದರೆ ಬರುವುದಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಬೇಕು. ವಯಸ್ಸಾಯಿತು, ಕಿವಿ ಇನ್ನೂ ಮಂದವಾಗುತ್ತಿದೆ.

ಏಪ್ರಿಲ್ 25, ಶುಕ್ರವಾರ

ನಮ್ಮ ಫೋನು ಕೆಟ್ಟಿದೆ. ಗುಮ್ಮಟದ ಹಳಿಗೆ ಬೋಲ್ಟು ಬೇಕೆಂದು ಅಂಗಡಿಗೆ ಮನೆಯಿಂದಲೇ ಫೋನ್ ಮಾಡಿ ಬಾಯಿಬಿಟ್ಟು ಹೇಳಿದ್ದೆ. ಇವತ್ತು ಪೆಟ್ಟಿಗೆ ಬಂತು. ಬಿಚ್ಚಿದರೆ ಬೆಲ್ಟು. ಸೊಂಟಕ್ಕೆ ಕಟ್ಟುವ ಚರ್ಮದ ಬೆಲ್ಟು, ಹೊಳೆಯುವ ಬಕಲ್ ಸಮೇತ. ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ಎಲ್ಲರಿಗೂ ಹಂಚಿದೆ. ಈಗ ನಮ್ಮ ಸಿಬ್ಬಂದಿ ನೋಡಲು ಪೊಲೀಸರ ಹಾಗಿದ್ದಾರೆ, ಗುಮ್ಮಟ ಮಾತ್ರ ಗಡಗಡ ಅನ್ನುತ್ತಿದೆ.

ತರಕಾರಿಯವಳೂ ಅಷ್ಟೇ. ಬದನೆ ಎಂದರೆ ಬಟಾಣಿ ಕೊಡುತ್ತಾಳೆ. ಊರಿಗೇನಾಗಿದೆಯೋ.

ಮೇ 9, ಶುಕ್ರವಾರ

ಬದುಕಿದೆ.

ಗುಮ್ಮಟದ ಬಾಯನ್ನು ಅರ್ಧ ತೆರೆದು ಹಲ್ಲುಚಕ್ರಕ್ಕೆ ಗ್ರೀಸು ಹಚ್ಚುತ್ತಿದ್ದೆವು. ಎಲ್ಲಿತ್ತೋ ಮೋಡ, ಟಪಟಪ ಹನಿ ಬಿತ್ತು. ಕೆಳಗೆ ಕನ್ನಡಿಗೆ ಹೊದಿಕೆ ಇರಲಿಲ್ಲ, ಧೂಳು ಒರೆಸಲೆಂದು ತೆಗೆದಿದ್ದೆವು. ಮೇಲೆ ಏಣಿಯಲ್ಲಿದ್ದ ಮೆಕ್ಯಾನಿಕ್‌ಗೆ ಮುಚ್ಚು, ಮುಚ್ಚು ಎಂದು ಪಿಸುಗುಟ್ಟಿದೆ. ಅವನಿಗೆ ಬಿಚ್ಚು, ಬಿಚ್ಚು ಎಂದು ಕೇಳಿಸಿತು. ಇನ್ನಷ್ಟು ಬಿಚ್ಚಿದ. ನಾನು ಎರಡೂ ಕೈ ಬೀಸಿ ಮತ್ತೆ ಮುಚ್ಚೋ ಎಂದೆ. ಅವನು ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಪೂರ್ತಿ ಬಿಚ್ಚಿ, ಬೆವರು ಒರೆಸಿಕೊಂಡು, ಆಯ್ತು ಮೇಡಂ ಅನ್ನುವಂತೆ ಹೆಬ್ಬೆರಳು ತೋರಿಸಿದ. ಅಷ್ಟರಲ್ಲಿ ಬೆಟ್ಟವೇ ಸೀಳುವ ಹಾಗೆ ಒಂದು ಗುಡುಗು. ಅದರ ಬಾಯಿ ಮುಚ್ಚಿಸುವುದು ನಮ್ಮ ಕೈಯಲ್ಲಿರಲಿಲ್ಲ. ದೂರದರ್ಶಕಕ್ಕೆ ತಲೆಯಿಂದ ಕಾಲಿನವರೆಗೆ ಸ್ನಾನವಾಯಿತು. ಎಲ್ಲರೂ ಸೇರಿ ಒರೆಸಿದೆವು, ಸದ್ದಿಲ್ಲದೆ ಹಿಂಡಿದೆವು, ಮತ್ತೆ ಒರೆಸಿದೆವು.

ಸಂಜೆ ನಿರ್ದೇಶಕರ ಮುಂದೆ ತಲೆತಗ್ಗಿಸಿ ನಿಂತು ನಡೆದದ್ದನ್ನು ಹೇಳಿದೆ. ಅವರು ಕನ್ನಡಿಯನ್ನು ಸುತ್ತು ಹಾಕಿ ನೋಡಿದರು.

"ಕನ್ನಡಿ ನೆನೆದ್ರೆ ಒರೆಸಬಹುದು. ನಿದ್ದೆ ಕೆಟ್ರೆ ಒರೆಸೋಕಾಗುತ್ತಾ? ಇಷ್ಟೆಲ್ಲ ಆದ್ರೂ ನಮಗೆ ಒಂದು ಸದ್ದೂ ಕೇಳಿಸಲಿಲ್ಲ. ಶಹಭಾಸ್" ಎಂದರು.

ನನಗೆ ಕಣ್ಣಲ್ಲಿ ನೀರೇ ಬಂತು. ಡಿಪೋದಲ್ಲಿ ಇಷ್ಟು ವರ್ಷ ದುಡಿದೆ, ಒಬ್ಬನಾದರೂ ಶಹಭಾಸ್ ಎಂದಿದ್ದರೆ ಕೇಳಿ.

ಮನೆಗೆ ಬಂದರೆ ಅಪ್ಪ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಮಧ್ಯಾಹ್ನ ನೀನು ಕರೆದೆ ಅಂದ್ಕೊಂಡು ಎದ್ದು ಬಂದೆ, ಆಮೇಲೆ ನೋಡಿದರೆ ಮಳೆ ಬಂತು, ಎಂದ. ಅಲ್ಲಿಂದ ಒಳಗೆ ಹೋಗಿಯೇ ಇಲ್ಲ. ತಲೆಯೆಲ್ಲ ಒದ್ದೆ. ಬೈದೆ. ನನ್ನ ಬಾಯನ್ನೇ ನೋಡುತ್ತಾ ಕೂತಿದ್ದ.

ಜೂನ್ 5, ಗುರುವಾರ

ಅಪ್ಪನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅಪ್ಪನ ತಲೆಗೆ ಯಂತ್ರ ಹಾಕಿ, ಗುಂಡಿ ತಿರುಗಿಸಿ, ಹೋದ ವರ್ಷ ಎಷ್ಟಿತ್ತೋ ಈ ವರ್ಷವೂ ಅಷ್ಟೇ ಇದೆ ಎಂದರು. ಹಾಗಿದ್ದರೆ ನನ್ನ ಮಾತು ಯಾಕೆ ಕೇಳಿಸುವುದಿಲ್ಲ ಎಂದು ಕೇಳಿದೆ. ಡಾಕ್ಟರು, ಏನಂದ್ರಿ ಎಂದರು. ಮತ್ತೆ ಕೇಳಿದೆ. ಮುಂದೆ ಬಾಗಿ, ಸ್ವಲ್ಪ ಜೋರಾಗಿ ಹೇಳಿ ಎಂದರು. ಕಿವಿ ನೋಡುವ ಡಾಕ್ಟರಿಗೇ ಕಿವಿ ಮಂದ! ಇವರಿಗೆ ಪದವಿ ಕೊಟ್ಟವರು ಯಾರೋ. ಕಿವಿಯ ಯಂತ್ರ ತೋರಿಸಿ, ಹಾಕಿಸೋಣ ಎಂದರೆ ಅಪ್ಪ ಒಪ್ಪಲಿಲ್ಲ. ಅದರಲ್ಲಿ ಗಾಳಿ ಬೀಸಿದ್ದೇ ಕೇಳಿಸುತ್ತದೆ, ನನಗೆ ಗಾಳಿ ಬೇಡ, ಎಂದ.

ದಾರಿಯುದ್ದಕ್ಕೂ ನಾನು ಮಾತಾಡಿದೆ. ಬೆಟ್ಟದಲ್ಲಿ ಹಗಲು ಮಲಗುತ್ತಾರೆ, ನಾವು ಹೀಗೆ ಹೀಗೆ ಮಾಡುತ್ತೇವೆ ಎಂದು ಸೀನುವ ಕೋಣೆಯಿಂದ ಹಿಡಿದು ಎಲ್ಲವನ್ನೂ ವಿವರವಾಗಿ ಹೇಳಿದೆ. ಅಪ್ಪ ಹೂಂ ಎಂದ, ಒಮ್ಮೆಯೂ ನಗಲಿಲ್ಲ.

ಜೂನ್ 23, ಸೋಮವಾರ

ಮೈಯೆಲ್ಲ ಉರಿಯುತ್ತಿದೆ. ಪಕ್ಕದ ಮನೆಯವಳು ತಡೆದು ನಿಲ್ಲಿಸಿ, ಏನ್ರೀ, ಅಪ್ಪನ ಹತ್ರ ಮಾತು ಬಿಟ್ಟಿದ್ದೀರಂತೆ, ವಯಸ್ಸಾದವರು, ಏನಾದರೂ ಅಂದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಾರದಾ ಎಂದಳು. ನಾನು ಮಾತು ಬಿಡುವುದೇ! ಅದೂ ಅಪ್ಪನ ಹತ್ತಿರ! ಯಾರು ಹೇಳಿದ್ದು ಎಂದರೆ, ಅವರೇ ಹೇಳಿದರು, ಮಗಳು ಮಾತು ಬಿಟ್ಟಿದ್ದಾಳೆ, ಯಾವ ತಪ್ಪಿಗೋ ಗೊತ್ತಿಲ್ಲ ಎಂದು ಗೇಟಿನ ಹತ್ತಿರ ನಿಂತು ಹೇಳಿದರು ಎಂದಳು. ಅಪ್ಪ ಹೇಳಿದರೆ ಬೀದಿಗೆಲ್ಲ ಕೇಳಿಸಿರುತ್ತದೆ. ಮಾನ ಹೋಯಿತು.

ನೇರ ಒಳಗೆ ಹೋಗಿ ಅಪ್ಪನ ಮುಂದೆ ಕೂತೆ. ನಾನು ಯಾವತ್ತು ಮಾತು ಬಿಟ್ಟೆ ಹೇಳು, ಬೆಳಗಿನಿಂದ ಸಂಜೆಯವರೆಗೆ ನಿನ್ನ ಹತ್ತಿರ ಬಾಯಿ ಬಡಿದುಕೊಳ್ಳುತ್ತೇನಲ್ಲ, ಎಂದು ಚೆನ್ನಾಗಿ ಜಗಳವಾಡಿದೆ. ಒಳಗೆ ಮಲಗಿದ್ದ ಯಜಮಾನರಿಗೆ ಎಚ್ಚರವೂ ಆಗಲಿಲ್ಲ, ಅಷ್ಟು ಆಯಾಸ ಅವರಿಗೆ. ಅಪ್ಪ ಎಲ್ಲ ನೋಡಿದ. ಕೊನೆಗೆ, ಬ್ಯಾಂಕಿನಲ್ಲಿ ಗುರುತಿಲ್ಲದ ಗುಮಾಸ್ತನಿಗೆ ಅಲ್ಲಾಡಿಸುವ ಹಾಗೆ ತಲೆ ಅಲ್ಲಾಡಿಸಿದ. ನನಗೆ ಅಳು ಬಂತು.

ಜುಲೈ 8, ಮಂಗಳವಾರ

ಅಪ್ಪ ಅಕ್ಕನ ಮನೆಗೆ ಹೋಗುತ್ತಾನಂತೆ. ನೋಡಿಕೊಂಡು ಬರಲಿಕ್ಕಲ್ಲ, ಇರಲಿಕ್ಕೆ.

ಅಕ್ಕನ ಧ್ವನಿ ಇರುವೆ ನಡೆದ ಹಾಗೆ. ಹುಟ್ಟಿದಾಗಿನಿಂದ ಅವಳ ಒಂದು ಮಾತೂ ಅಪ್ಪನಿಗೆ ಕೇಳಿಸಿಲ್ಲ. ಅಲ್ಲಿ ಏನು ಕೇಳಿಸುತ್ತದೆ ಎಂದು ಹೋಗುತ್ತೀಯ ಎಂದು ಕೈಸನ್ನೆ ಮಾಡಿ ಕೇಳಿದೆ.

"ಅವಳದ್ದು ಯಾವತ್ತೂ ಕೇಳಿಸಿಲ್ಲ ಮಗಾ, ಅದು ರೂಢಿ ಆಗಿದೆ. ನಿಂದು ಕೇಳಿಸ್ತಿತ್ತು. ಇಲ್ಲಿ ಕೂತ್ಕೊಂಡು ಕೇಳಿಸಲ್ಲ ಅಂದ್ರೆ ನನಗೆ ಆಗಲ್ಲ" ಎಂದ.

ಹೋಗಬೇಡ ಎಂದೆ. ಎರಡು ಸಲ ಎಂದೆ.

ಜುಲೈ 20, ಭಾನುವಾರ

ಅಪ್ಪ ಬಟ್ಟೆ ಮಡಿಸುತ್ತಿದ್ದಾನೆ. ಯಜಮಾನರಿಗೂ ಮನಸ್ಸಿಲ್ಲ. ಮಾವ ಹೋದರೆ ಮನೆ ಬಿಕೋ ಅನ್ನುತ್ತೆ ಎಂದರು. ಹಾಗಂತ ಅವನಿಗೆ ಹೇಳಿ ಎಂದರೆ, ನಾನು ಹೇಳಿದರೆ ಎಲ್ಲಿ ಕೇಳಿಸುತ್ತೆ ಎಂದರು.

ಜುಲೈ 28, ಸೋಮವಾರ

ಎಲ್ಲಿಂದ ಬರೆಯಲಿ? ಬೆಳಗಿನಿಂದಲೇ ಬರೆಯುತ್ತೇನೆ.

ಅಕ್ಕನ ಊರಿನ ಬಸ್ಸು ಬೆಟ್ಟದ ಬುಡದಿಂದ ಮಧ್ಯಾಹ್ನ ಹೊರಡುತ್ತದೆ. ಇವತ್ತು ಟ್ಯಾಂಕರು ಬರುವ ದಿನ, ರಜೆ ಹಾಕುವಂತಿರಲಿಲ್ಲ. ಬೆಳಗ್ಗೆಯೇ ಅಪ್ಪನ ಕಾಲು ಮುಟ್ಟಿ, ಹುಷಾರಾಗಿ ಹೋಗು, ತಲುಪಿದ ತಕ್ಷಣ ಅಕ್ಕನ ಕೈಲಿ ಫೋನ್ ಮಾಡಿಸು ಎಂದು ಹೇಳಿ ಹೊರಟೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ಕೆಲಸಕ್ಕೆ ಹೋಗಲು ಆಗುತ್ತಿರಲಿಲ್ಲ.

ಹೊತ್ತು ನೆತ್ತಿಗೇರಿದಾಗ ಟ್ಯಾಂಕರು ಬಂತು. ಗೇಟಿನ ಹತ್ತಿರ ಎಂಜಿನ್ ಆರಿಸಿದರು. ನಾವೆಲ್ಲ ಕಾಲುಚೀಲದಲ್ಲಿ, ಹೊಸ ಬೆಲ್ಟು ಬಿಗಿದುಕೊಂಡು, ತಳ್ಳಲು ಶುರುಮಾಡಿದೆವು. ಚಾಲಕನ ಪಕ್ಕದಿಂದ ಕೈಚೀಲ ಹಿಡಿದು ಇಳಿದವನು ಅಪ್ಪ. ಬೀಗ ಹಾಕಿದ ಮೇಲೆ ಕೀ ತನ್ನ ಜೇಬಿನಲ್ಲೇ ಉಳಿಯಿತು, ಕೊಟ್ಟು ಹೋಗೋಣ ಎಂದು ಟ್ಯಾಂಕರ್ ಹತ್ತಿ ಬಂದಿದ್ದಾನೆ.

ಯಾಕೆ ತಳ್ತೀರಿ, ಕೆಟ್ಟಿದೆಯಾ ಎಂದು ಅಪ್ಪ ಅವನ ದನಿಯಲ್ಲಿ ಕೇಳಿದ. ನಮ್ಮ ಜೀವ ಬಾಯಿಗೆ ಬಂತು. ಅಡುಗೆಯವನು ಓಡಿಹೋಗಿ ಏನೋ ಪಿಸುಗುಟ್ಟಿದ. ಮೆಕ್ಯಾನಿಕ್ ಏನೋ ಪಿಸುಗುಟ್ಟಿದ. ಚಾಲಕನೂ ಪಿಸುಗುಟ್ಟಿದ. ಅಪ್ಪ ಒಬ್ಬೊಬ್ಬರ ಬಾಯಿ ನೋಡುತ್ತಾ ನನ್ನವರೆಗೆ ಬಂದ. ನಾನು, ಯಾಕಪ್ಪಾ ಬಂದೆ, ಬಸ್ ತಪ್ಪಿಹೋಗುತ್ತೆ ಎಂದೆ. ಅಪ್ಪ ನಿಂತಲ್ಲೇ ನಿಂತ. ಮುಖದ ಬಣ್ಣ ಇಳಿದುಹೋಯಿತು. ಎರಡೂ ಕಿವಿಯನ್ನು ಉಜ್ಜಿಕೊಂಡ. ಕೈಚೀಲ ಕೆಳಗಿಟ್ಟು ತೊಟ್ಟಿಯ ಕಟ್ಟೆಯ ಮೇಲೆ ಕೂತ.

"ಪೂರ್ತಿ ಹೋಯ್ತು ಮಗಾ. ಇಷ್ಟು ಜನ ಮಾತಾಡ್ತಿದ್ದಾರೆ, ಗುಂಯ್ ಅನ್ನೋದೂ ಕೇಳಿಸ್ತಿಲ್ಲ. ನೀನು ಮಾತು ಬಿಟ್ಟಿರಲಿಲ್ಲ, ನನ್ನ ಕಿವಿನೇ ಹೋಗಿತ್ತು. ಸುಮ್ಮನೆ ನಿನ್ನ ಮೇಲೆ ಬೇಜಾರು ಮಾಡ್ಕೊಂಡೆ. ತಪ್ಪಾಯ್ತು ನಂದು."

ಅಪ್ಪ ಹೆದರಿದ್ದನ್ನು ನಾನು ನೋಡಿಯೇ ಇರಲಿಲ್ಲ. ಬಾಯ್ಲರ್ ಸಿಡಿದು ಪಕ್ಕದವನ ಕೈ ಹೋದ ದಿನವೂ ಮನೆಗೆ ಬಂದು ಊಟ ಮಾಡಿದವನು. ಇವತ್ತು ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಅಪ್ಪ ಎಂದೆ. ಬೆಕ್ಕಿನ ಮರಿ ಕೂಗಿದಷ್ಟೂ ಬರಲಿಲ್ಲ. ಉಸಿರೆಳೆದುಕೊಂಡು ಇನ್ನೊಮ್ಮೆ ಎಂದೆ. ಒಡೆದ ಕೊಳಲಿನ ಹಾಗೆ ಗಾಳಿ ಹೋಯಿತು. ಮೆಕ್ಯಾನಿಕ್ ಬೇಡ ಮೇಡಂ, ಬೇಡ ಎಂದು ಕೈಮುಗಿದು ನಿಂತಿದ್ದ. ಅವನನ್ನು ಪಕ್ಕಕ್ಕೆ ತಳ್ಳಿದೆ.

"ಅಪ್ಪಾ! ನಿನ್ನ ಕಿವಿ ಹೋಗಿಲ್ಲ! ನಾವೇ ಪಿಸುಗುಡ್ತಿರೋದು!"

ಗುಮ್ಮಟದ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ಜನರೇಟರ್ ಶೆಡ್ಡಿನ ತಗಡು ಝಣ್ ಎಂದಿತು. ಅಪ್ಪ ತಲೆ ಎತ್ತಿದ. ಯಾಕೆ ಪಿಸುಗುಡ್ತೀರಿ ಎಂದು ಕೇಳಿದ. ಒಳಗೆ ಮಲಗಿದ್ದಾರೆ ಎಂದೆ. ಈ ಹೊತ್ತಿನಲ್ಲಾ, ಮೈ ಹುಷಾರಿಲ್ವಾ ಎಂದ. ರಾತ್ರಿಯೆಲ್ಲ ನಕ್ಷತ್ರ ನೋಡ್ತಾರೆ, ಹಗಲು ಮಲಗ್ತಾರೆ, ಅದಕ್ಕೇ ನಾವು ಉಸಿರು ಕಟ್ಟಿ ಮಾತಾಡ್ತೀವಿ ಎಂದೆ. ಅಪ್ಪ ಒಂದು ಕ್ಷಣ ಬೆರಗಾಗಿ ನೋಡಿ, ಮತ್ತೆ ಹೀಗೆ ಕಿರುಚ್ತೀಯಲ್ಲೇ, ಪಾಪ ಎದ್ದುಬಿಡ್ತಾರೆ, ಮೆಲ್ಲಗೆ ಮಾತಾಡು, ಎಂದು ನನಗಿಂತ ಜೋರಾಗಿ ಕೂಗಿದ.

ನಾನು ಮೆಲ್ಲಗೆ ಮಾತಾಡಲಿಲ್ಲ. ಕಟ್ಟೆಯ ಮೇಲೆ ಅವನ ಪಕ್ಕ ಕೂತು, ಮಾರ್ಚಿನಿಂದ ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ಹೊತ್ತಿಕೊಂಡ ಕಂಬಳಿ, ಬೋಲ್ಟು ಹೋಗಿ ಬಂದ ಬೆಲ್ಟು, ದೂರದರ್ಶಕದ ಸ್ನಾನ. ಅಪ್ಪ ಬಿದ್ದು ಬಿದ್ದು ನಕ್ಕ. ಸಿಬ್ಬಂದಿಯವರು ಸಾಲಾಗಿ ನೆಲದ ಮೇಲೆ ಕೂತು, ವಿಜ್ಞಾನಿಗಳ ಕಿಟಕಿಗಳನ್ನೇ ನೋಡುತ್ತಾ ನೌಕರಿ ಹೋಗುವುದನ್ನು ಕಾಯುತ್ತಿದ್ದರು. ಒಂದು ಪರದೆಯೂ ಅಲುಗಲಿಲ್ಲ. ಕೊನೆಗೆ ಮೆಕ್ಯಾನಿಕ್ ಧೈರ್ಯ ಮಾಡಿ ಕಿಟಕಿಗೆ ಕಿವಿ ಕೊಟ್ಟು ವಾಪಸು ಬಂದ.

"ಗೊರಕೆ ಹೊಡೀತಿದ್ದಾರೆ, ಎಲ್ಲರೂ" ಎಂದ, ಬಾಯಿ ಬಿಟ್ಟು. ಅವನ ಧ್ವನಿ ಅಷ್ಟು ದಪ್ಪ ಎಂದು ನಮಗೆಲ್ಲ ಇವತ್ತೇ ಗೊತ್ತಾಗಿದ್ದು. ಅವನಿಗೂ ಮರೆತುಹೋಗಿತ್ತೋ ಏನೋ, ಒಂದು ಸಲ ಹಿಂದೆ ತಿರುಗಿ ನೋಡಿದ.

ಬಸ್ಸು ಹೋಯಿತು. ಅಪ್ಪ ಹೋಗಲಿಲ್ಲ.

ಸಂಜೆ ನಿರ್ದೇಶಕರು ಮೈಮುರಿಯುತ್ತಾ ಹೊರಗೆ ಬಂದರು. ಇವತ್ತಿನಷ್ಟು ಪ್ರಶಾಂತವಾದ ಹಗಲನ್ನು ಈ ಬೆಟ್ಟದಲ್ಲಿ ತಾವು ಕಂಡಿಲ್ಲ, ಹೀಗೇ ನಡೆಸಿಕೊಂಡು ಹೋಗಿ ಎಂದರು. ಆಗಲಿ ಸಾರ್ ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಯಾಕೋ ಗೊತ್ತಿಲ್ಲ, ನಾನು ಯಾವಾಗಲೂ ಮಾತಾಡುವ ಹಾಗೆಯೇ ಮಾತಾಡಿದ್ದೆ. ಗಂಟಲು ಮಾತ್ರ ಉರಿಯುತ್ತಿದೆ. ಬೆಟ್ಟದ ಗಾಳಿ ಇರಬೇಕು.

ರಾತ್ರಿ ಊಟಕ್ಕೆ ಕೂತಾಗ ಇದೆಲ್ಲವನ್ನೂ ಇನ್ನೊಮ್ಮೆ ಹೇಳುತ್ತಿದ್ದೆ. ಪಕ್ಕದ ಮನೆಯ ಕಿಟಕಿ ಮುಚ್ಚಿದ ಸದ್ದಾಯಿತು. ಯಜಮಾನರು ಹತ್ತಿಗಾಗಿ ಜೇಬು ತಡಕಾಡುತ್ತಾ, ಸ್ವಲ್ಪ ಮೆಲ್ಲಗೆ ಕಣೇ ಎಂದರು.

"ಅಳಿಯಂದ್ರು ಏನಂದ್ರು?" ಎಂದು ಅಪ್ಪ ಕೇಳಿದ.

"ನೀನು ಎಲ್ಲಿಗೂ ಹೋಗಕೂಡದಂತೆ ಅಪ್ಪಾ!" ಎಂದೆ.

ಯಜಮಾನರು ನನ್ನನ್ನೇ ನೋಡಿದರು. ಜೇಬಿನಿಂದ ಕೈ ತೆಗೆದರು. ಆಮೇಲೆ ಕೂತಲ್ಲಿಂದ ಎದ್ದು, ಅಪ್ಪನ ಕಿವಿಯ ಹತ್ತಿರ ಬಗ್ಗಿ, ಕತ್ತಿನ ನರವೆಲ್ಲ ಉಬ್ಬಿಸಿಕೊಂಡು, ಜೀವಮಾನದಲ್ಲಿ ಮೊದಲ ಸಲ ಕೂಗಿದರು, ಹೌದು ಮಾವ ಎಂದು.

ಅಪ್ಪ ನನ್ನ ಕಡೆ ತಿರುಗಿ, ಏನಂದ್ರು ಎಂದ.

ನಾನು ಹೇಳಿದೆ.